ರೊಟ್ಟಿ ಬಡಿಯುವ ಕೈ

ಆದೋನಿಯ ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವವಳು ಆಕೆ, ಹಿಡಿಯುವವಳು ನಾನು. ಎಸೆಯುವ ಮುನ್ನ ಆಕೆ ಚೆಂಡನ್ನು ಅಂಗೈಗಳ ನಡುವೆ ಜೋಳದ ಹಿಟ್ಟಿನ ಉಂಡೆಯಂತೆ ಹೊರಳಿಸುತ್ತಿದ್ದಳು. ಯಾರು ಏನೇ ಅಂದರೂ ಆಕೆಯದು ಒಂದೇ ಮಾತು: “ಏನೂ ಆಗಂಗಿಲ್ಲ ಬಿಡು.”

ಒಂದು ದಿನ ಚೆಂಡು ನನ್ನ ಗವಸಿಗೆ ಬರುವ ಬದಲು ಕೋಚ್ ಸರ್ ಅವರ ಸ್ಕೂಟರಿಗೆ ಬಡಿಯಿತು. ಆಕೆ ಮುಂಗೈ ಹಿಡಿದುಕೊಂಡು ನಿಂತಿದ್ದಳು. ಎಸೆದೂ ಎಸೆದೂ ಸ್ನಾಯು ನೊಂದಿದೆ, ಈಗ ವಿಶ್ರಾಂತಿ ಕೊಡದಿದ್ದರೆ ಈ ವರ್ಷ ಆಟವೇ ಇಲ್ಲ ಎಂದರು ಡಾಕ್ಟರು.

ಆಕೆ ಚೆಂಡು ಮುಟ್ಟಲಿಲ್ಲ. ವಾರಗಳು ಕಳೆದರೂ ನೋವು ಮಾತ್ರ ಹೋಗಲಿಲ್ಲ. ಸರ್‌ಗೆ ಅನುಮಾನ ಬಂದು, ನನ್ನನ್ನೂ ಕರೆದುಕೊಂಡು ಪೆದ್ದಕಡುಬೂರಿನ ಆಕೆಯ ಮನೆಗೇ ಹೋದರು. ಆಕೆ ಒಲೆ ಮುಂದೆ ಕೂತು ಅದೇ ಬಲಗೈಯಲ್ಲಿ ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಇಡೀ ತಂಡಕ್ಕಾಗುವಷ್ಟು ರೊಟ್ಟಿ.

“ರೆಸ್ಟ್ ತೀಸ್ಕೋ ಅಂದಿದ್ನಲ್ಲಮ್ಮಾ!” ಅರ್ಧ ತೆಲುಗಿನಲ್ಲಿ ಅಂದು ಸರ್ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತರು.

“ರೆಸ್ಟೇ ಐತಿ ಸರ್. ಬಾಲ್ ಏನರ ಮುಟ್ಟೀನೇನ್ರಿ?”

ಅಂದಿನಿಂದ ಹಿಟ್ಟು ನಾದುವ ಪರಾತ ಆಕೆಯ ಅಣ್ಣನ ಮುಂದೆ ಬಂತು. ಆತನ ರೊಟ್ಟಿಗಳಿಗೆ ಮೂಲೆಗಳಿರುತ್ತಿದ್ದವು. ಮನೆಯವರು ತಿಂದರು, ತಂಗಿಯ ಕೈ ಸುಧಾರಿಸಿತು.

ಡಾಕ್ಟರು ಸೈ ಎಂದ ದಿನ ಅಣ್ಣನೂ ಮೈದಾನಕ್ಕೆ ಬಂದ. ಮೊದಲ ಚೆಂಡು ಠಪ್ಪೆಂದು ನನ್ನ ಗವಸಿಗೆ ಬಿತ್ತು. ಆತ ತನ್ನ ಮುಂಗೈ ತಿಕ್ಕುತ್ತಾ ಕೇಳಿದ:

“ಇನ್ನ ಸಂಜಿ ರೊಟ್ಟಿ ನೀನ ಬಡೀತಿಯಲ್ಲವ್ವಾ? ನನ್ನ ಕೈ ಬಾಳ ನೋಯ್ತೈತಿ.”

ಆಕೆ ಚೆಂಡನ್ನು ಅಂಗೈಯಲ್ಲಿ ಹೊರಳಿಸಿದಳು.

“ಏನೂ ಆಗಂಗಿಲ್ಲ ಬಿಡಣ್ಣ.”