ಕುಸಿಯುವ ನೆಲದ ಪಂಡಿತ

ವೀಬೆ ಹೂಕ್‌ಸ್ಟ್ರಾ ನೀರಿನ ಪ್ರೊಫೆಸರ್. ಸುಸ್ಥಿರ ಕೃಷಿ, ಜಲಸಂಪನ್ಮೂಲ ನಿರ್ವಹಣೆ ಎಂದು ಅವನ ಪೀಠದ ಹೆಸರು ಬಾಗಿಲ ಫಲಕದಲ್ಲಿ ಹಿಡಿಸದಷ್ಟು ಉದ್ದವಿತ್ತು. ಅವನಕ್ಕ ಬೌಕ್ಯೆ ಮಾತ್ರ ಅದನ್ನು ಒಂದೇ ಮಾತಿಗೆ ಇಳಿಸಿದ್ದಳು: ಹೇಡಿ.

ಹುಟ್ಟಾ ಹೇಡಿಯೇನಲ್ಲ. ಎಂಜಿನಿಯರಿಂಗ್ ಮುಗಿಸಿ ಫ್ರೀಸ್‌ಲ್ಯಾಂಡಿನ ತಗ್ಗು ಹುಲ್ಲುಗಾವಲಿಗೆ ಮರಳಿದ ಹೊಸತರಲ್ಲಿ, ಅಪ್ಪನ ನೆಲಕ್ಕೆ ಸಲಾಕೆ ಇಳಿಸಿ ನೋಡಿ ಊಟದ ಮೇಜಿನಲ್ಲೇ ಕೂಗಾಡಿದ್ದ.

"ಟ್ರಾಕ್ಟರ್ ಹೂತುಕೊಳ್ಳತ್ತೆ ಅಂತ ಕಾಲುವೆ ನೀರು ಇಳಿಸ್ತೀರಲ್ಲ, ಕೊಳೆತ ಹುಲ್ಲಿಂದಾದ ಈ ಕಪ್ಪು ಮಣ್ಣು ಒಣಗಿ ಕುಸಿಯತ್ತೆ ಅಪ್ಪಾ! ಕುಸಿದ ನೆಲಕ್ಕೆ ನೀರು ಹತ್ರ ಬಂತು ಅಂತ ಮತ್ತೆ ಇಳಿಸ್ತೀರ. ಮನೆ ಕೆಳಗಿನ ಮರದ ಕಂಬ ನೀರಲ್ಲಿ ಮುಳುಗಿದ್ರೆ ಗಟ್ಟಿ. ಗಾಳಿ ತಾಗಿದ್ರೆ ಕೊಳೆತುಹೋಗತ್ತೆ!"

ಅಪ್ಪ ಆಲೂಗಡ್ಡೆ ಹಿಸುಕುತ್ತ ಕೇಳಿಸಿಕೊಂಡರು. ಬೌಕ್ಯೆಗೆ ತಮ್ಮನ ಮೇಲೆ ಹೆಮ್ಮೆಯುಕ್ಕಿತು. ಅದನ್ನೇ ದಪ್ಪ ಪ್ರಬಂಧವಾಗಿ ಬರೆದು ಅವನು ಡಾಕ್ಟರಾದ. ಅವನ ಧೈರ್ಯದ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಬಂದವು ಸಮಿತಿಗಳು. ಹೈನುಗಾರಿಕೆಯ ರೈತರು ಕರೆದರೆ ನೀರು ಇಳಿಸುವುದರಲ್ಲೂ ಅರ್ಥವಿದೆ ಎಂದ. ಹಸಿ ನೆಲ ಬೇಕೆನ್ನುವ ಹಕ್ಕಿಪ್ರೇಮಿಗಳು ಕರೆದರೆ ಏರಿಸುವುದರಲ್ಲೂ ಇದೆ ಎಂದ. ಎಲ್ಲರೂ ತಲೆಯಾಡಿಸುವ ತನಕ ಕಾಫಿ ಕುಡಿಯುತ್ತ ಕೂರುವ ನಾಡು ಅದು. ವೀಬೆ ಆ ಕಾಫಿಯಲ್ಲಿ ಸಕ್ಕರೆಯಂತೆ ಕರಗಿಹೋದ. "ಇನ್ನಷ್ಟು ಅಧ್ಯಯನ ಬೇಕು" ಎಂಬ ಒಂದೇ ವಾಕ್ಯದ ಮೇಲೆ ಬಡ್ತಿ ಪಡೆದ, ದೇಶ ಸುತ್ತಿದ, ಮನೆಯನ್ನೂ ಕಟ್ಟಿಸಿದ. ಕಟ್ಟಿಸಿದ್ದೆಲ್ಲಿ? ದೂರದ, ಕುಸಿಯದ ಮರಳುದಿಬ್ಬದ ಮೇಲೆ, ಕಾಂಕ್ರೀಟಿನ ಅಡಿಪಾಯ ಹಾಕಿಸಿ. ಅಷ್ಟು ಬುದ್ಧಿ ಅವನಿಗೆ ಯಾವಾಗಲೂ ಇತ್ತು.

ಅಪ್ಪನ ಮನೆ ಬೌಕ್ಯೆಯ ಪಾಲಿಗೆ ಬಂತು. ಗೋಡೆ ಬಾಯಿಬಿಟ್ಟಿತು, ಬಾಗಿಲುಗಳು ಮುಚ್ಚದಾದವು. ನೆಲ ವಾಲಿದಂತೆಲ್ಲ ಅವಳು ಕುರ್ಚಿಯ ಕಾಲುಗಳಿಗೆ ಹಲಗೆ ಚೂರು ಕೊಡುತ್ತ ಬಂದಳು. ಅಷ್ಟರಲ್ಲಿ ಪಕ್ಕದ ದೊಡ್ಡ ರೈತ ಡೌವೆ, ನೀರನ್ನು ಇನ್ನೂ ಇಳಿಸಬೇಕೆಂದು, ಕಾಲುವೆಗಳ ಮಟ್ಟ ನಿರ್ಧರಿಸುವ ನೀರಿನ ಮಂಡಳಿಯನ್ನು ಒತ್ತಾಯಿಸಿದ. ಮಂಡಳಿ ವೀಬೆಯ ಅಭಿಪ್ರಾಯ ಕೇಳಿತು. ಬೌಕ್ಯೆ ತಮ್ಮನಿಗೆ ಫೋನ್ ಮಾಡಿದಳು.

"ಒಂದೇ ಮಾತು ಹೇಳು ಸಾಕು ಕಣೋ. ಡಾಕ್ಟರಾಗೋಕೆ ಬರೆದಿದ್ಯಲ್ಲ, ಅದನ್ನೇ ಹೇಳು. ಈ ಸಲ ಇಳಿಸಿದ್ರೆ ಮನೆ ಉಳಿಯಲ್ಲ."

"ಹೇಳ್ದೆ ಇರ್ತೀನಾ ಅಕ್ಕಾ? ನಮ್ಮಪ್ಪನ ಮನೆ ಅದು."

ಮಂಡಳಿಯ ಸಭೆಯ ದಿನ ಚರ್ಚಿನ ಸಭಾಂಗಣ ತುಂಬಿತ್ತು. ವೀಬೆ ಎದ್ದು ಟೈ ಸರಿಮಾಡಿಕೊಂಡ. ಮುಂದಿನ ಸಾಲಿನಲ್ಲಿ ಡೌವೆಯನ್ನು ನೋಡಿದ, ತನ್ನ ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಭಾಷಣ ಮಾಡಲಿದ್ದ ಮಂಡಳಿಯ ಅಧ್ಯಕ್ಷನನ್ನು ನೋಡಿದ. ಅಕ್ಕನ ಕಡೆ ಮಾತ್ರ ನೋಡಲಿಲ್ಲ.

"ಎರಡೂ ಕಡೆಯ ವಾದದಲ್ಲಿ ತಿರುಳಿದೆ," ಎಂದ. "ಇನ್ನಷ್ಟು ಅಧ್ಯಯನ ಬೇಕು."

"ನೋಡಿ, ಪ್ರೊಫೆಸರೇ ಬೇಡ ಅನ್ಲಿಲ್ಲ!" ಎಂದು ಡೌವೆ ಎದ್ದುನಿಂತ. ಕೈಗಳು ಮೇಲೆದ್ದವು, ನೀರು ಇಳಿಯಿತು. ಬೌಕ್ಯೆ ಕಾಫಿ ಮುಟ್ಟದೆ ಹೊರಟಳು. ಆ ಊರಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಮನೆ ವಾಸಕ್ಕೆ ಯೋಗ್ಯವಲ್ಲ, ಚಳಿಗಾಲದೊಳಗೆ ಕೆಡವಬೇಕು ಎಂದು ಪುರಸಭೆಯವರು ಬಂದು ಹೇಳಿಹೋದರು. ಆ ಮನೆಯಲ್ಲಿ ಬೌಕ್ಯೆಯ ಕೊನೆಯ ಹುಟ್ಟುಹಬ್ಬ ಬಂತು. ಪದ್ಧತಿಯಂತೆ ಕುರ್ಚಿಗಳನ್ನು ಸುತ್ತಲೂ ಇಟ್ಟಿದ್ದಳು. ಬಂದವರು ಅವಳಿಗೂ, ಒಬ್ಬರಿಗೊಬ್ಬರಿಗೂ ಕೈಕುಲುಕಿ ಶುಭಾಶಯ ಹೇಳಿ ಕೂತರು. ನಿವೃತ್ತನಾಗಿದ್ದ ವೀಬೆಯೂ ನಾಚಿಕೆಯಿಲ್ಲದೆ ಬಂದ. ಹಲಗೆ ಚೂರಿಲ್ಲದೆ ಉಳಿದಿದ್ದ ಕುರ್ಚಿಯಲ್ಲಿ ಕೂತದ್ದೇ ತಡ, ಅದು ವಾಲಿ ಕೈಯಲ್ಲಿದ್ದ ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿತು.

"ಅಕ್ಕಾ, ಈ ಕುರ್ಚಿ ವಾಲತ್ತೆ."

"ಹೌದಾ? ಗ್ಯಾರಂಟೀನಾ? ಇನ್ನೂ ಸ್ವಲ್ಪ ಅಧ್ಯಯನ ಮಾಡಪ್ಪ."

ಎಲ್ಲರೂ ನಕ್ಕರು. ನಾಚಿಕೆಗೆಟ್ಟ ಡೌವೆಯೂ ಬಂದಿದ್ದ, ಅವನೂ ನಕ್ಕ. ವೀಬೆ ಪೆಚ್ಚಾಗಿ ಎದ್ದು, ತಂದ ಉಡುಗೊರೆ ಚಾಚಿದ. ಅಕ್ಕನ ಹುಟ್ಟುಹಬ್ಬಕ್ಕೆ ಅವನು ತಂದದ್ದು ತನ್ನದೇ ಬೀಳ್ಕೊಡುಗೆಯ ಅಭಿನಂದನ ಗ್ರಂಥವನ್ನು, ರಟ್ಟಿನ ಮೇಲೆ ತನ್ನದೇ ಮುಖ. ಬೌಕ್ಯೆ ಅದರ ದಪ್ಪ ನೋಡಿದಳು. ಮೊಣಕಾಲೂರಿ ಕುರ್ಚಿಯ ಕಾಲಿನಡಿ ತುರುಕಿದಳು.

"ಈಗ ಕೂತ್ಕೋ."

ಕೂತ. ಕುರ್ಚಿ ಅಲುಗಲಿಲ್ಲ.

"ಸರಿಯಾಯ್ತಾ?"

"ಆಯ್ತು ಅಕ್ಕಾ."

ಡಾಕ್ಟರಾದ ಮೇಲೆ ಅವನು ಕೊಟ್ಟ ಮೊದಲ ನೇರ ಉತ್ತರ ಅದು. ಮನೆಗೆ ಈಗ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ.