ಮಾತಿಗೆ ಮೊದಲೇ ಬಂದ ಸಕ್ಕರೆ

2003ರಲ್ಲಿ ನಾನು ಹರಪನಹಳ್ಳಿಯ ಒಂದು ಮಸೀದಿಯಲ್ಲಿ ಕುಟುಂಬ ಸಲಹೆಗಾರ. ಸಂಬಳವಿಲ್ಲ, ಡಿಗ್ರಿಯಿಲ್ಲ, ಕೌನ್ಸೆಲಿಂಗ್ ಪುಸ್ತಕ ಓದಿ ನಾನೇ ಕಲಿತದ್ದು. ಹುರುಪು ಮಾತ್ರ ವಿಪರೀತ. ನಾವು ಪಿಂಜಾರರು, ಹತ್ತಿ ಹಿಂಜುತ್ತಿದ್ದ ಮುಸ್ಲಿಮರು, ಮನೆಮಾತು ಕನ್ನಡವೇ.

ಗಂಡ ಹೆಂಡಿರ ಜಗಳ ಬಂದರೆ ಮಸೀದಿ ಕಮಿಟಿಯ ಹಿರಿಯರು ಕೂರುತ್ತಿದ್ದರು. ಹೆಂಡತಿ ಪರದೆಯ ಆಚೆ. ಅವಳ ಪರವಾಗಿ ಅಣ್ಣನೋ ಅಪ್ಪನೋ ಮಾತಾಡಬೇಕು. ರಾಜಿಯಾದರೆ ದುವಾ ಮಾಡಿ ಸಕ್ಕರೆ ಹಂಚುವುದು. ಇಬ್ಬರೂ ಬಾಯಿಗೆ ಹಾಕಿಕೊಂಡರೆ ಪ್ರಕರಣ ಮುಗಿಯಿತು. ನಮ್ಮ ಅಧ್ಯಕ್ಷರಿಗೆ ಎಂಥ ಆತ್ಮವಿಶ್ವಾಸವೆಂದರೆ, ಯಾರೂ ಬಾಯಿ ತೆರೆಯುವ ಮೊದಲೇ ಸಕ್ಕರೆ ತರಿಸಿಡುತ್ತಿದ್ದರು! ಈ ಮಹಾಶಯರು ಸಂಸಾರ ಕಂಡದ್ದು ಊಟದ ತಟ್ಟೆಯ ಈಚೆಯಿಂದ ಮಾತ್ರ.

ಆ ಶುಕ್ರವಾರ ನಮಾಜಿನ ನಂತರ ರೇಷ್ಮಾಳ ಪ್ರಕರಣ. ಗಂಡ ಬಾಬು ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲಿ. ಹೊಡೆತ ತಾಳದೆ ಅವಳು ತವರಿಗೆ ಬಂದಿದ್ದಳು. ಹಿಂದೆಯೂ ಇದೇ ಕಮಿಟಿ ರಾಜಿ ಮಾಡಿಸಿ ಕಳಿಸಿತ್ತು. ಈ ಸಲ ಕಳಿಸಿದರೆ ಮಗಳು ಉಳಿಯುವುದಿಲ್ಲ ಅಂತ ಅವಳ ತಾಯಿ ನನ್ನ ಮುಂದೆ ಅತ್ತಿದ್ದರು.

"ಏನಪಾ ಬಾಬು, ಚಂದಾಗಿ ಇಟ್ಕಂತೀಯಾ?" ಅಧ್ಯಕ್ಷರು ಕೇಳಿದರು.

"ಹ್ಞೂಂರಿ."

"ಮುಗೀತಲ್ಲ! ಹೆಣ್ಮಗಳು ಸ್ವಲ್ಪ ಸಬರ್ ಮಾಡ್ಬೇಕು, ತಾಳ್ಕಬೇಕು. ಸಾರಿಗೆ ಉಪ್ಪು ಜಾಸ್ತಿ ಆದ್ರ ಗಂಡಸಿಗೆ ಸಿಟ್ಟು ಬರಲ್ಲೇನು?"

ರೇಷ್ಮಾಳ ಅಣ್ಣ ತಲೆಯಾಡಿಸಿದ.

"ಆಕೀನ ಕೇಳ್ರಿ ಚಾಚಾ," ಅಂದೆ.

"ಅವಳಣ್ಣ ಒಪ್ಯಾನಲ್ಲ! ನಿಂಗಿನ್ನೂ ಮದುವಿನ ಆಗಿಲ್ಲ, ಪುಸ್ತಕ ಓದಿ ನಮಗ ಸಂಸಾರ ಕಲಿಸ್ತೀಯೇನಲೇ?"

ಎಲ್ಲರೂ ನಕ್ಕರು. ದುವಾ ಆಯಿತು. ಬಾಬು ಸಕ್ಕರೆ ಚಪ್ಪರಿಸಿದ. ತಟ್ಟೆ ಪರದೆಯೊಳಗೆ ಹೋಯಿತು, ಹಾಗೇ ವಾಪಸ್ ಬಂತು. ಹಿಂದೆಯೇ ರೇಷ್ಮಾಳ ಧ್ವನಿ.

"ನಾ ತಗಳಂಗಿಲ್ರಿ ಚಾಚಾ. ಹೋದ ಸಲ ಸಕ್ಕರಿ ತಿಂದು ಹೋದೆ, ಕೈ ಮುರುದ. ಹೊಡದೀನಿ ಅಂತ ನಿಮ್ಮೆಲ್ಲರ ಮುಂದ ಒಂದ್ಸಲ ಬಾಯಿಬಿಟ್ಟು ಹೇಳ್ಲಿ. ಆಮ್ಯಾಲೆ ಮುಂದಿನ ಮಾತು."

ಬಾಬು ಅಧ್ಯಕ್ಷರನ್ನು ನೋಡಿದ. ಅಧ್ಯಕ್ಷರು ಸಕ್ಕರೆಯನ್ನು ನೋಡಿದರು.

"ಅದು... ಎಲ್ಲಾರ ಮನ್ಯಾಗೂ ಇರೋದ ಅಲ್ಲೇನ್ರಿ," ಅಂದ ಬಾಬು.

"ಕೇಳಿದ್ರಲ್ಲ?" ಅಂದಳು ರೇಷ್ಮಾ.

ಈಗಷ್ಟೇ ತಲೆಯಾಡಿಸಿದ್ದ ಅಣ್ಣ ಎದ್ದು ನಿಂತ. "ನಡಿ ತಂಗಿ, ನಮ್ಮನಿಗೆ ಹೋಗಾನ."

ಅವಳು ಬಾಬುವಿನ ಮನೆಗೆ ಮತ್ತೆ ಹೋಗಲಿಲ್ಲ. ಉಳಿದ ಸಕ್ಕರೆಯಲ್ಲಿ ಕಮಿಟಿ ಚಹಾ ಮಾಡಿಸಿ ಕುಡಿಯಿತು. ಕಾಲ ಕೆಟ್ಟಿತು ಅಂತ ಎರಡೆರಡು ಲೋಟ.

ಕುಟುಂಬ ಗಟ್ಟಿ ಮಾಡುವುದೆಂದರೆ ಹೊಡೆತ ತಿನ್ನುವವಳನ್ನು ಗಟ್ಟಿ ಮಾಡುವುದು ಅಂತ ನಂಬಿದವರು ಈಗಲೂ ಇದ್ದಾರೆ. ನಾನು ಮಾತ್ರ ಪರದೆಯ ಆಚೆಯವರಿಂದಲೇ ಶುರು ಮಾಡುತ್ತೇನೆ. ಅವರ ಮಾತು ಮುಗಿಯುವವರೆಗೆ ಸಕ್ಕರೆ ಅಂಗಡಿಯಲ್ಲೇ ಇರಲಿ.