ಅರಗಿನ ಟ್ಯಾಂಕು

ಬೈರಾಪಟ್ಟಣದ ದೇವರಾಜು ಮಿಲಿಟರಿಯಲ್ಲಿ ಟ್ಯಾಂಕ್ ಓಡಿಸಿ ರಿಟೈರಾಗಿ ಬಂದವನು ಅನ್ನುವುದು ಊರಿಗೆಲ್ಲ ಗೊತ್ತು. ಅವನ ಅಪ್ಪ ತಿಮ್ಮಯ್ಯನಿಗೂ ಗೊತ್ತು. ಆದರೆ ಆ ಮುದುಕ ಅದರ ಬಗ್ಗೆ ಮಗನನ್ನು ಒಂದು ಮಾತೂ ಕೇಳಿದವನಲ್ಲ.

ಕಾರಣ ಹಳೆಯದು. ರೇಷ್ಮೆ ಸಾಕುವ ಮನೆಯಲ್ಲಿ ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಎಂದರೆ ಹೆಣ ಬಿದ್ದರೂ ಆಮೇಲೆ ನೋಡೋಣ ಅನ್ನುವಂಥ ದಿನ. ಗೂಡು ಕಟ್ಟಲು ಒದ್ದಾಡುವ ಹುಳವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಯೆಂಬ ಆ ಬಿದಿರ ತಟ್ಟೆಗೆ ಬಿಡಬೇಕು. ಮನೆಯ ಎಲ್ಲ ಕೈಗಳೂ ಸಾಲುವುದಿಲ್ಲ. ಅಂಥ ದಿನವೇ ಹತ್ತೊಂಬತ್ತರ ದೇವರಾಜು ಹೇಳದೆ ಕೇಳದೆ ಸೈನ್ಯದ ಭರ್ತಿಗೆ ಹೋಗಿಬಿಟ್ಟಿದ್ದ. ಆಮೇಲೆ ರಜೆಗೆ ಬಂದಾಗಲೆಲ್ಲ ಅಪ್ಪನ ಸ್ವಾಗತ ಇಷ್ಟೇ: "ಬಂದ್ಯಾ? ಹುಳಕ್ಕೆ ಸೊಪ್ಪು ಹಾಕು." ಆ ಬೆಳೆ ತನ್ನಿಂದಲೇ ಹಾಳಾಯಿತು ಎಂದು ದೇವರಾಜು ನಂಬಿಕೊಂಡಿದ್ದ. ಕೇಳುವ ಧೈರ್ಯ ಅವನಿಗೂ ಬರಲಿಲ್ಲ. ಅಪ್ಪ ಒಂದು ಮೌನ, ಮಗ ಇನ್ನೊಂದು ಮೌನ, ನಡುವೆ ಹಿಪ್ಪುನೇರಳೆ ಸೊಪ್ಪು. ವರ್ಷಗಳು ಹೀಗೇ ಕಳೆದವು.

ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಾದರೂ ಮಾಡಿ ತೋರಿಸೋಣ ಎಂದು ದೇವರಾಜು ಒಂದು ಪುಟ್ಟ ಟ್ಯಾಂಕ್ ಕಟ್ಟಿದ. ತಾನು ಓಡಿಸುತ್ತಿದ್ದದ್ದೇ, ಕರುವಿನಷ್ಟೂ ಇಲ್ಲದ ಗಾತ್ರದಲ್ಲಿ. ಒಳಗೆ ಬ್ಯಾಟರಿ, ಎರಡು ಮೋಟರು; ಕೈಯಲ್ಲಿ ರಿಮೋಟು. ಚಕ್ರಗಳ ಸುತ್ತ ಓಡುವ ಪಟ್ಟಿಗೆ ಸೈಕಲ್ ಟ್ಯೂಬಿನ ರಬ್ಬರು. ಮರದ ಭಾಗಗಳನ್ನೆಲ್ಲ ಹೆಂಡತಿ ಸುಚಿತ್ರಾಗೆ ಒಪ್ಪಿಸಿದ. ಅವಳು ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತು ಹಾಲೆ ಮರಕ್ಕೆ ಜೀವ ಕೊಡುವವಳು.

ಆಕೆಯ ಕೈಯಿಂದ ಅರಗು ಮೆತ್ತಿಸಿಕೊಳ್ಳದೆ ಒಂದು ಕಡ್ಡಿಯೂ ಹೊರಗೆ ಬಂದದ್ದಿಲ್ಲ. ಟ್ಯಾಂಕಿನ ಗೋಪುರಕ್ಕೆ ಕೆಂಪು, ತೋಪಿಗೆ ಹಳದಿ, ಚಕ್ರಗಳಿಗೆ ಹಸಿರು. ತಾಳೆ ಗರಿ ಹಿಡಿದು ಉಜ್ಜಿ ಉಜ್ಜಿ, ಮುಖ ನೋಡಿಕೊಳ್ಳುವ ಹಾಗೆ ಹೊಳಪು ತಂದಿದ್ದಳು.

"ಯುದ್ಧದ್ದು ಕಣೇ ಇದು, ಮದ್ವೆದಲ್ಲ" ಎಂದ ದೇವರಾಜು.

"ಬರೀ ಮರ ಮನೆ ದಾಟ್ಸಬಾರ್ದು ರೀ. ನಾಕು ಜನ ನೋಡಿದ್ರೆ ನಂಗೆ ಅವಮಾನ" ಎಂದಳು. ಮನೆಯ ಸಿಮೆಂಟು ನೆಲದ ಮೇಲೆ ಟ್ಯಾಂಕು ನವವಧುವಿನಂತೆ ಸರಿದಾಡಿತು.

ರಾಮನಗರದ ಕಲ್ಯಾಣ ಮಂಟಪವೊಂದರಲ್ಲಿ, ಇಂಥ ರಿಮೋಟು ಮಾದರಿಗಳನ್ನು ಕಟ್ಟುವ ಹವ್ಯಾಸಿಗಳ ಪ್ರದರ್ಶನ ಏರ್ಪಟ್ಟಿತು. ಅದೇ ದಿನ ತಿಮ್ಮಯ್ಯ ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಬರುವವನಿದ್ದ. ಸುಚಿತ್ರಾ ಮಾವನನ್ನು ಅಲ್ಲಿಂದ ನಯವಾಗಿ ಎಬ್ಬಿಸಿಕೊಂಡು ಬಂದಳು. "ಊಟಕ್ಕೆ ನೆರಳು ಐತೆ ಬನ್ನಿ ಮಾವ" ಎಂದಿದ್ದಳು, ಟ್ಯಾಂಕಿನ ಸುದ್ದಿ ಎತ್ತಲಿಲ್ಲ.

ಮಂಟಪದೊಳಗೆ ವಿಮಾನ, ದೋಣಿ, ರೇಸ್ ಕಾರು. ಟ್ಯಾಂಕುಗಳಿಗೆಂದೇ ನಡುವೆ ಮರಳು ಸುರಿದು ದಿಬ್ಬ ಮಾಡಿದ್ದರು. ಉಳಿದ ಟ್ಯಾಂಕುಗಳೆಲ್ಲ ಕೆಸರು ಮೆತ್ತಿದ ಹಾಗೆ ಬಣ್ಣ ಬಳಿಸಿಕೊಂಡು ಗಂಭೀರವಾಗಿ ನಿಂತಿದ್ದವು. ಪಕ್ಕದ ಮೇಜಿನ ಕನಕಪುರದ ಮನೋಹರ್, ಹೊರದೇಶದಿಂದ ತರಿಸಿಕೊಂಡ ದುಬಾರಿ ಟ್ಯಾಂಕುಗಳ ಒಡೆಯ, ದೇವರಾಜುವಿನ ಟ್ಯಾಂಕ್ ನೋಡಿ ನಕ್ಕ. "ಅಣ್ಣ, ಇದು ಕಬ್ಬಾಳು ಬೆಟ್ಟದ ಮೇಲಿಂದ್ಲೂ ಕಾಣ್ಸುತ್ತೆ. ಶತ್ರು ನಗ್ತಾ ನಗ್ತಾನೇ ಸಾಯ್ತಾನೆ ಬಿಡಿ."

ತಿಮ್ಮಯ್ಯ ಮೇಜಿನ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದ. "ಇದೇನ್ಲಾ, ಬೊಂಬೆ? ಇದನ್ನ ತೋರ್ಸಕ್ಕಾ ನನ್ ಎಬ್ಬುಸ್ಕೊಂಡ್ ಬಂದಿದ್ದು?"

ದೇವರಾಜು ರಿಮೋಟು ಒತ್ತಿದ. ಟ್ಯಾಂಕು ಠೀವಿಯಿಂದ ದಿಬ್ಬದ ಬುಡಕ್ಕೆ ಹೋಯಿತು, ಮೂಗು ಎತ್ತಿತು, ಅಲ್ಲೇ ನಿಂತಿತು. ಮೋಟರು ಕಿರುಚುತ್ತಿದೆ, ಚಕ್ರ ಗಿರಗಿರನೆ ತಿರುಗುತ್ತಿದೆ, ರಬ್ಬರ್ ಪಟ್ಟಿ ಮಾತ್ರ ಅಲ್ಲಾಡುತ್ತಿಲ್ಲ. ಸುತ್ತ ನಿಂತ ಮಕ್ಕಳು ಕಿಸಕ್ಕನೆ ನಕ್ಕರು. ತಿಮ್ಮಯ್ಯ ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡ; ಅದು ಅವನು ಹೊರಡುವ ಲಕ್ಷಣ. ಇದೂ ಹೋಯಿತು ಎಂದುಕೊಂಡ ದೇವರಾಜು.

ಸುಚಿತ್ರಾ ಮರಳಿಗಿಳಿದು ಟ್ಯಾಂಕ್ ಎತ್ತಿ, ಪಟ್ಟಿ ಎಳೆಯುವ ಹಿಂದಿನ ಚಕ್ರದ ಮೇಲೆ ಬೆರಳಾಡಿಸಿದಳು. ಬೆರಳು ಜಾರಿತು. ಅವಳ ಮುಖ ಸಣ್ಣದಾಯಿತು.

"ನಂದೇ ತಪ್ಪು ರೀ. ಹೊಳಪು ಜಾಸ್ತಿ ಆಗ್ಬುಟ್ಟೈತೆ. ರಬ್ಬರು ಹಿಡಿಯಕ್ಕೆ ಜಾಗನೇ ಇಲ್ಲ."

ಮನೋಹರ್ ತಾನಾಗಿಯೇ ಉಪ್ಪುಕಾಗದದ ಚೂರು ತಂದುಕೊಟ್ಟ. ತನ್ನ ಕೈಯಾರೆ ಕೊಟ್ಟ ಹೊಳಪನ್ನು ತಾನೇ ಕೆರೆಯುವುದು ಅವಳಿಗೆ ಸುಲಭವಾಗಿರಲಿಲ್ಲ. ತುಟಿ ಕಚ್ಚಿಕೊಂಡೇ ಕೂತಳು. ಹಿಡಿಯಲು ಇನ್ನೊಂದು ಕೈ ಬೇಕಿತ್ತು. "ಮಾವ, ಒಸಿ ಹಿಡ್ಕೊಳಿ" ಎಂದು ತಿಮ್ಮಯ್ಯನನ್ನು ಕುರ್ಚಿಯಲ್ಲಿ ಕೂರಿಸಿ, ಟ್ಯಾಂಕನ್ನು ಅವನ ತೊಡೆಯ ಮೇಲಿಟ್ಟೇಬಿಟ್ಟಳು. ಸೊಸೆ ಇಟ್ಟಮೇಲೆ ಎದ್ದು ಹೋಗುವ ಹಾಗಿಲ್ಲ.

ಅವಳು ಕೆರೆಯುತ್ತಿದ್ದಳು. ಮುದುಕನ ಬೆರಳು ಸುಮ್ಮನಿರಲಾರದೆ ಮುಂಭಾಗದ ಪುಟ್ಟ ಮುಚ್ಚಳವನ್ನು ತಡವಿತು. ಮುಚ್ಚಳ ತೆರೆಯಿತು. ಒಳಗೆ ಬೆರಳು ಹಾಕಿ ನೋಡಿದ.

"ನೀನ್ ಎಲ್ಲಿ ಕುಂತ್ಕತಿದ್ದೆ?"

ದೇವರಾಜು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅಲ್ಲೇ ಕಣಪ್ಪ. ನಿನ್ ಬೆರಳಿರೋ ತಾವೇ."

"ಇಷ್ಟು ಇಕ್ಕಟ್ನಲ್ಲಿ? ದಾರಿ ಹೆಂಗ್ ಕಾಣ್ಸುತ್ತೆ?"

"ಮುಚ್ಚಳ ಹಾಕುದ್ರೆ ಒಂದ್ ಸಣ್ಣ ಗಾಜು. ಅದ್ರಲ್ಲೇ ನೋಡ್ಕೊಂಡು ಓಡುಸ್ಬೇಕು."

"ಸೆಕೆ ಆಯ್ತಿರ್ಲಿಲ್ವಾ?"

"ಆಯ್ತಿತ್ತಪ್ಪ."

ತಿಮ್ಮಯ್ಯ ಮುಚ್ಚಳವನ್ನು ಮೆಲ್ಲಗೆ, ಹಣ್ಣಾದ ಹುಳ ಮುಟ್ಟುವಷ್ಟು ಹಗುರವಾಗಿ ಮುಚ್ಚಿದ. "ಒಂದ್ ದಿನನೂ ಯೋಳ್ನಿಲ್ವಲ್ಲ ನೀನು."

ಸುಚಿತ್ರಾ ಬಣ್ಣದ ಪುಡಿ ಊದಿ, ಟ್ಯಾಂಕನ್ನು ಮರಳಿಗಿಟ್ಟಳು. ಬೋಳಾದ ಚಕ್ರ ರಬ್ಬರನ್ನು ಕಚ್ಚಿಕೊಂಡಿತು. ಕೆಂಪು ಹಳದಿ ಟ್ಯಾಂಕು ಏದುಸಿರು ಬಿಡುತ್ತಾ, ಒಮ್ಮೆ ಹಿಂದಕ್ಕೆ ಜಾರಿ, ಮತ್ತೆ ಹತ್ತಿ ದಿಬ್ಬದ ನೆತ್ತಿಯಲ್ಲಿ ನಿಂತಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಮನೋಹರ್.

"ದೊಡ್ಡುದ್ನೂ ಇವ್ನೇ ಓಡುಸ್ತಿದ್ದಿದ್ದು" ಎಂದು ತಿಮ್ಮಯ್ಯ ಪಕ್ಕದಲ್ಲಿದ್ದ ಅಪರಿಚಿತನಿಗೆ ಹೇಳಿದ. "ನನ್ ಮಗ."

ಆಮೇಲೆ ದಿಬ್ಬದ ಕಡೆಗೇ ಕಣ್ಣು ನೆಟ್ಟು, ದೇವರಾಜುವಿಗೆ ಮಾತ್ರ ಕೇಳುವ ಹಾಗೆ ಅಂದ: "ನೀನ್ ಹೋದ್ಯಲ್ಲ, ಅವತ್ತಿನ್ ಹುಳ. ಗೂಡು ಚೆನ್ನಾಗೇ ಕಟ್ಟಿದ್ವು ಕಣ್ಲಾ. ಅದನ್ನ ನಾನೂ ಯೋಳ್ನಿಲ್ಲ."

ದೇವರಾಜು ರಿಮೋಟನ್ನು ಅಪ್ಪನ ಕೈಗಿಟ್ಟು, ಇಳಿಸುವುದು ಹೇಗೆಂದು ತೋರಿಸಿದ.